ಹಸಿರಾಗದ ಉರಿ

ತಮ್ಮನ ಗ್ಯಾರೇಜಿನ ಅಂಗಿಯನ್ನು ಬಕೆಟ್ಟಿನಿಂದ ಎತ್ತಿ, ತೋಳಿನ ಎಣ್ಣೆ ಕಲೆಗೆ ಇನ್ನೊಮ್ಮೆ ಸೋಪು ಹಚ್ಚುತ್ತಿದ್ದೆ. ಅವನು ಬಂದು ಬಾಗಿಲಲ್ಲೇ ಕುಸಿದು ಕೂತ.

"ಅಕ್ಕ, ಕುಳ್ಳನ ಎರಡೂ ಕೈ ಸುಟ್ಟುಹೋಗಿದೆ."

ಕುಳ್ಳ ಅವನ ಜೊತೆಯಲ್ಲೇ ಕಾರಿನ ಏಸಿ ರಿಪೇರಿ ಕಲಿತವನು. ಈಗ ಪಕ್ಕದ ಬೀದಿಯಲ್ಲಿ ಅಂಗಡಿ ಇಟ್ಟಿದ್ದಾನೆ. ಹಳೆಯ ಗಾಡಿಗಳಲ್ಲಿ ಗ್ಯಾಸ್ ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಇವರು ಸಣ್ಣ ದೀಪ ಹಚ್ಚಿ ಪೈಪಿನುದ್ದಕ್ಕೂ ಹಿಡಿಯುತ್ತಾರೆ. ಹಳೆಯ ಗ್ಯಾಸ್ ಸೋರಿದರೆ ಉರಿ ಹಸಿರಾಗುತ್ತದೆ. ಗುರುಗಳು ಕಲಿಸಿದ್ದೇ ಹಾಗೆ. ಆ ಗ್ಯಾಸ್ ಆಕಾಶಕ್ಕೆ ಕೇಡು ಎಂದು ಸರ್ಕಾರ ನಿಲ್ಲಿಸಿತು. ಹೊಸದಕ್ಕೆ ಯಂತ್ರದ ಭಾಗಗಳನ್ನೇ ಬದಲಿಸಬೇಕು. ಆ ಖರ್ಚಿಗೆ ಗಿರಾಕಿಗಳು ಗೊಣಗಿದರು. ನನ್ನ ತಮ್ಮ ಒಂದಷ್ಟು ಗಾಡಿಗಳಿಗೆ ಅಡುಗೆ ಒಲೆಯ ಗ್ಯಾಸ್ ತುಂಬಿಬಿಟ್ಟ. ತಣ್ಣಗೇನೋ ಆಯಿತು. ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಮಾತ್ರ ಹಳೆಯ ಗ್ಯಾಸಿನ ಹೆಸರೇ ಉಳಿಯಿತು. ಅಂಥದ್ದೊಂದು ಟ್ಯಾಕ್ಸಿ ಕುಳ್ಳನ ಅಂಗಡಿಗೆ ಬಂದಿತ್ತು. ಅವನು ಚೀಟಿ ನಂಬಿ ದೀಪ ಹಿಡಿದಿದ್ದ. ಉರಿ ಹಸಿರಾಗಲಿಲ್ಲ, ಸೋರಿದ ಗ್ಯಾಸ್ ಭಗ್ಗೆಂದು ಹೊತ್ತಿಕೊಂಡಿತು.

"ವಾಸನೆ ಗೊತ್ತಾಗ್ಲಿಲ್ವೇನೋ?"

"ಅವನ ಮೂಗು ಪೆಟ್ರೋಲಲ್ಲೇ ಸತ್ತು ಯಾವ ಕಾಲ ಆಯ್ತು, ಅಕ್ಕ."

"ನೀನು ಅದೇ ಗ್ಯಾಸ್ ತುಂಬಿದ್ದ ಸ್ಕೂಲ್ ವ್ಯಾನು?"

"ಓಡ್ತಾನೇ ಇದೆ. ಗ್ಯಾಸ್ ತೆಗೀತೀನಿ, ತಗೊಂಡ್ಬನ್ನಿ ಅಂದೆ. 'ಇಷ್ಟು ತಣ್ಣಗೆ ಯಾವತ್ತೂ ಇರ್ಲಿಲ್ಲ, ಬಿಡಪ್ಪ. ಚಳಿಯಾದ್ರೆ ಮಕ್ಕಳಿಗೆ ಸ್ವೆಟರ್ ಹಾಕಿಸ್ತೀನಿ' ಅಂತ ನಕ್ಕ ಮಾಲೀಕ."

ತಮ್ಮ ಏನು ತುಂಬುತ್ತಿದ್ದಾನೆಂದು ನನಗೆ ತಿಳಿದ ದಿನವೇ ಸಾರಿಗೆ ಕಚೇರಿಗೆ ಅವನ ಹೆಸರಲ್ಲಿ ಕಾಗದ ಬರೆದಿದ್ದೆ, ಗಾಡಿಗಳ ನಂಬರು ಸಮೇತ. ಅವನು ಸಹಿ ಹಾಕಿರಲಿಲ್ಲ. ನಾನೂ ಅದನ್ನು ಹರಿದುಹಾಕಿರಲಿಲ್ಲ. ಕೈ ಒರೆಸಿಕೊಂಡು ಬೀರುವಿನಿಂದ ತಂದು ಅವನ ಮುಂದಿಟ್ಟೆ.

"ಅಂಗಡಿಗೆ ಬೀಗ ಹಾಕಿಸ್ತಾರೆ."

"ಹಾಕಿಸ್ಲಿ."

"ಸುಲಭವಾಗಿ ಹೇಳ್ಬಿಟ್ಟೆ. ಆಮೇಲೆ ನಾನೇನು ಮಾಡ್ಲಿ?"

"ಬಟ್ಟೆ ಒಗಿ. ನನಗೂ ಕೈ ನೋಯುತ್ತೆ."

ಅವನು ನಗಲಿಲ್ಲ. ಕಾಗದವನ್ನು ಮುಟ್ಟಲೂ ಇಲ್ಲ.

"ಕುಳ್ಳ ಏನಂದ?" ಕೇಳಿದೆ.

"ಬೈತಾನೆ ಅಂದ್ಕೊಂಡೇ ಹೋಗಿದ್ದೆ. ಬೈಲಿಲ್ಲ. 'ನೀನು ತುಂಬಿದ ಗಾಡಿ ಇನ್ಯಾವ್ಯಾವುದು ಅಂತ ಹೇಳಿಬಿಡೋ, ಹುಷಾರಾಗಿರ್ತೀನಿ' ಅಂದ."

ಹೊರಗೆ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವನು ಪೆನ್ನಿಗಾಗಿ ಕೈ ಚಾಚಿದ.

ಇಬ್ಬರೂ ಆಗಲೇ ಸಾರಿಗೆ ಕಚೇರಿಗೆ ಹೋದೆವು. ಕಿಟಕಿಯಲ್ಲಿದ್ದ ಗುಮಾಸ್ತ ಕಾಗದ ಓದಿ, ತಲೆ ಎತ್ತಿ ತಮ್ಮನನ್ನು ನೋಡಿದ. "ಇದೇನ್ರೀ, ನಿಮ್ಮ ಮೇಲೆ ನೀವೇ ದೂರು ಕೊಡ್ತಿದ್ದೀರಾ?"

"ಹೌದು ಸಾರ್. ಮೊದಲು ಆ ವ್ಯಾನ್ ನಿಲ್ಸಿ. ಶಾಲೆ ಬಿಡೋ ಹೊತ್ತಾಗ್ತಿದೆ."

ಗುಮಾಸ್ತ ಗಡಿಯಾರ ನೋಡಿದ. ಮತ್ತೇನೂ ಕೇಳದೆ ಮುದ್ರೆ ಒತ್ತಿ, ಜವಾನನನ್ನು ಕೂಗಿ, ಕಾಗದವನ್ನು ನೇರವಾಗಿ ಅಧಿಕಾರಿಯ ಕೋಣೆಗೆ ಕಳಿಸಿದ.