ಮೊಳೆಯಿಂದಿಳಿದ ಬ್ಯಾಗು

ಕೆಂಪು ಬಂತು, ಹೊಳೆಯುವ ಕೆಂಪು, ನಾಲ್ಕು ಚಕ್ರದ್ದು, ಹಿಂದಿನ ಬಲಚಕ್ರ ಸವೆದು ಓರೆಯಾಗಿದೆ, ಇನ್ನೆರಡು ಪ್ರಯಾಣ ತಡೆದರೆ ಹೆಚ್ಚು — ಅದರ ಹಿಂದೆ ಕಪ್ಪು, ಜಿಪ್ಪು ಬಾಯಿ ಬಿಟ್ಟಿದೆ, ಮೇಲಿಂದ ಹಗ್ಗ ಬಿಗಿದಿದ್ದಾರೆ ಪುಣ್ಯಾತ್ಮರು, ಅದರ ಹಿಂದೆ ಮಡಿಸಿದ ಮಗುವಿನ ತಳ್ಳುಗಾಡಿ, ಮತ್ತೆ ಕಪ್ಪು, ಮತ್ತೂ ಕಪ್ಪು, ಒಂದೊಂದೂ ಆ ರಬ್ಬರ್ ಪಟ್ಟಿಗಳ ಪರದೆಯನ್ನು ತಲೆಯಿಂದ ತಳ್ಳಿಕೊಂಡು ಹೊರಗೆ ಬಂದು ಬೆಲ್ಟಿನ ಮೇಲೆ ನಮ್ಮ ಮುಂದೆ ಹಾದುಹೋಗುತ್ತಿದೆ, ನಮ್ಮದು ಇನ್ನೂ ಬಂದಿಲ್ಲ. ಬರುತ್ತದೆ, ಬರದೆ ಎಲ್ಲಿಗೆ ಹೋದೀತು, ಬೆಳಿಗ್ಗೆ ನನ್ನ ಕೈಯಾರೆ ಕೊಟ್ಟು ಬಂದಿದ್ದೇನೆ, ವಿಮಾನದಲ್ಲಿ ಕೂತದ್ದು ಒಂದೂವರೆ ಗಂಟೆ — ಒಂದೂವರೆ ಗಂಟೆ! ಅಷ್ಟರಲ್ಲಿ ಮೋಡದ ಬೆನ್ನು ನೋಡಿ ಇಳಿದೂ ಆಯಿತು, ಮೋಡಕ್ಕೆ ಬೆನ್ನಿರುತ್ತದೆ ಎಂದು ಐವತ್ತೆಂಟು ವರ್ಷ ನನಗೆ ಯಾರೂ ಹೇಳಿರಲಿಲ್ಲ, ಬಿಸಿಲಿಗೆ ಹರವಿದ ಹತ್ತಿಯ ಹಾಗೆ ಬೆಳ್ಳಗೆ, ಕಿಟಕಿಗೆ ಮೂಗು ಒತ್ತಿ ಕೂತಿದ್ದೆ, ಉಸಿರಿಗೆ ಗಾಜು ಮಸುಕಾದಾಗಲೆಲ್ಲ ತೋಳಿನಿಂದ ಒರೆಸುತ್ತಾ, ಪಕ್ಕದಲ್ಲಿ ಮೊಮ್ಮಗಳು, ಏಳು ವರ್ಷದವಳು, ಕಿಟಕಿ ಕಡೆ ತಿರುಗಿಯೂ ನೋಡದೆ ಪುಸ್ತಕಕ್ಕೆ ಬಣ್ಣ ತುಂಬುತ್ತಿದ್ದಳು, ಅಜ್ಜಿ, ನಂಗಿದು ಒಂಬತ್ತನೇ ಸಲ, ಮೋಡ ಎಲ್ಲ ಒಂದೇ ಥರ ಇರತ್ತೆ. ಒಂಬತ್ತನೇ ಸಲವಂತೆ! ಇವರು ಬೆಲ್ಟಿನ ಅಂಚಿಗೆ ಮೊಣಕಾಲು ತಾಗಿಸಿ ನಿಂತಿದ್ದಾರೆ, ನನ್ನ ಯಜಮಾನರು, ಕೈ ಎರಡೂ ಹಿಂದಕ್ಕೆ, ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದೆ, ನಡುಕ ಯಾರಿಗೂ ಕಾಣಬಾರದು ಎಂದು, ಎರಡು ವರ್ಷದಿಂದ ಹೀಗೇ ನಿಲ್ಲುತ್ತಾರೆ, ಸೂಜಿಗೆ ದಾರ ಪೋಣಿಸಲು ಆಗದೆ ಹೋದ ದಿನದಿಂದ. ಅವರ ಕಣ್ಣು ಆ ಪರದೆ ಬಿಟ್ಟು ಕದಲಿಲ್ಲ. ಬರತ್ತಲ್ವೇನೇ, ಅಂದರು. ಬರತ್ತೆ ರೀ, ಅಂದೆ.

ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ, ಬೀಗ ರಿಪೇರಿಯವನಿಗೂ ಕ್ಷೌರದಂಗಡಿಗೂ ನಡುವೆ, ಎರಡು ಹೊಲಿಗೆ ಯಂತ್ರ ಒಂದು ಮೇಜು ಹಿಡಿಸುವಷ್ಟು ಜಾಗ, ಮೂವತ್ತನಾಲ್ಕು ವರ್ಷ ನಾವಿಬ್ಬರೂ ಎದುರುಬದುರು ಕೂತು ಬೇರೆಯವರ ಬ್ಯಾಗು ಹೊಲಿದದ್ದು ಅಲ್ಲೇ. ಆಗೆಲ್ಲ ಬ್ಯಾಗು ಬರುವುದೇ ಅಪರೂಪ, ಬಂದರೆ ಒಂದು ಕಾರಣ ಹೊತ್ತುಕೊಂಡು ಬರುತ್ತಿತ್ತು — ಮದುವೆ, ವರ್ಗಾವಣೆ, ಆಸ್ಪತ್ರೆ, ಸಾವು — ಸುಮ್ಮನೆ ನೋಡಿಕೊಂಡು ಬರೋಣ ಎಂದು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಟವರನ್ನು ನಾನು ಕಂಡಿಲ್ಲ. ನಮ್ಮ ಬೀದಿಗೆಲ್ಲ ಒಂದೇ ಒಂದು ಒಳ್ಳೆಯ ಸೂಟ್‌ಕೇಸು, ಅಂಚೆಯಣ್ಣನದು, ಯಾರೇ ಊರು ಬಿಡಲಿ ಹಿಂದಿನ ದಿನ ಅವನ ಬಾಗಿಲು ತಟ್ಟುತ್ತಿದ್ದರು, ಅಂಚೆಯಣ್ಣ ಮಾತ್ರ ಎಲ್ಲಿಗೂ ಹೋದವನಲ್ಲ, ನಿನಗಿಂತ ನಿನ್ನ ಸೂಟ್‌ಕೇಸೇ ಜಾಸ್ತಿ ಊರು ನೋಡಿದೆಯಲ್ಲಪ್ಪ ಎಂದು ಬೀದಿಯೆಲ್ಲ ಅವನನ್ನು ಕಾಡಿಸುತ್ತಿತ್ತು. ಆ ಕಾಲದಲ್ಲಿ, ನನ್ನ ಮದುವೆಯಾದ ವರ್ಷ, ಇವರು ಒಂದು ಬ್ಯಾಗು ಹೊಲಿದರು, ಗಟ್ಟಿ ಚರ್ಮ, ಮೇಣ ಹಚ್ಚಿದ ದಾರ, ಇಂಚಿಗೆ ಎಂಟು ಹೊಲಿಗೆ, ಒಂದು ಹೊಲಿಗೆಯೂ ಯಂತ್ರದ್ದಲ್ಲ, ಹಿತ್ತಾಳೆ ಬಕಲ್ ಎರಡು, ಇದು ಯಾರದ್ರೀ ಅಂದೆ, ನಮ್ದೇ ಕಣೇ, ಮುಂದಿನ ವರ್ಷ ಹೋಗೋಕೆ, ಎಲ್ಲಿಗೆ, ಎಲ್ಲಿಗಾದ್ರೂ, ಸಮುದ್ರ ಇರೋ ಕಡೆ. ಅಂಗಡಿಯ ನೀಲಿ ಗೋಡೆಗೆ ಒಂದು ಮೊಳೆ ಹೊಡೆದು ತಗುಲಿಹಾಕಿದರು. ಆ ಮುಂದಿನ ವರ್ಷ ಮುಂದಕ್ಕೇ ಹೋಗುತ್ತಾ ಹೋಯಿತು, ಮಗಳು ಹುಟ್ಟಿದಳು, ಮನೆ ಕಟ್ಟಿದೆವು, ಮಾವನವರು ಹಾಸಿಗೆ ಹಿಡಿದರು, ಗಿರಾಕಿಗಳು ಕೇಳುತ್ತಿದ್ದರು ಅದನ್ನ ಕೊಡ್ತೀರಾ, ಇವರು ಹೊಲಿಗೆಯಿಂದ ತಲೆ ಎತ್ತದೆ, ಇಲ್ಲ, ಅದು ಹೊರಟಿದೆ, ಅನ್ನುತ್ತಿದ್ದರು, ಮೂವತ್ತನಾಲ್ಕು ವರ್ಷ ಹೊರಟೇ ಇತ್ತು ಅದು, ಮೊಳೆಯ ಮೇಲೆ. ಮಗಳು ಟಿಕೆಟ್ ಮಾಡಿಸಿದೀನಿ ಅಪ್ಪ ಅಂದಾಗ ಇವರು ಕೇಳಿದ್ದು ಒಂದೇ ಮಾತು, ಆ ಬ್ಯಾಗ್ ತಗೊಂಡು ಹೋಗೋದಾದ್ರೆ ಬರ್ತೀನಿ, ಇಲ್ದಿದ್ರೆ ನೀವೇ ಹೋಗ್ಬನ್ನಿ. ಇವತ್ತು ಬೆಳಿಗ್ಗೆ ಸ್ಟೂಲು ಹತ್ತಿ ನಾನೇ ಇಳಿಸಿದೆ, ಇವರ ಕೈ ಮೇಲಕ್ಕೆ ಹೋಗಿ ನಡುಗಿತು, ಇಳಿಸಿ ನೋಡಿದರೆ, ಅಬ್ಬಾ, ಸುತ್ತಲಿನ ಗೋಡೆ ಧೂಳು ಹೊಗೆ ಕುಡಿದು ಬೂದಿ ಬಣ್ಣಕ್ಕೆ ತಿರುಗಿದೆ, ಬ್ಯಾಗಿದ್ದ ಜಾಗ ಮಾತ್ರ ಬ್ಯಾಗಿನ ಆಕಾರದಲ್ಲೇ ನೀಲಿ, ಬಳಿದ ದಿನದ ನೀಲಿ, ಮೇಲೆ ಖಾಲಿ ಮೊಳೆ.

ಹಸಿರು ಬಂತು, ಮಗುವಿನದು, ಕಪ್ಪೆಯ ಕಣ್ಣು ಅಂಟಿಸಿದ್ದಾರೆ ಅದಕ್ಕೆ, ಮಗುವಿಗೂ ಬೇರೆ ಬ್ಯಾಗು! ಎಲ್ಲ ಶುರುವಾದದ್ದು ಚಕ್ರದಿಂದ, ಯಾರು ಏನೇ ಹೇಳಲಿ, ನಾನು ಕಣ್ಣಾರೆ ಕಂಡಿದ್ದೇನೆ, ಮೊದಲು ಹೊರೆ ಹೊರಲು ತೋಳಿರುವ ಗಂಡಸು ಬೇಕಿತ್ತು, ಚಕ್ರ ಬಂದ ಮೇಲೆ ಅಜ್ಜಿಯರು ಎಳೆದುಕೊಂಡು ಹೊರಟರು, ಬಾಣಂತಿಯರು ಹೊರಟರು, ಮೊದಮೊದಲು ಒಂದು ಜೊತೆ ಚಕ್ರ ಆರೇಳು ವರ್ಷ ಬಾಳುತ್ತಿತ್ತು, ಆಮೇಲೆ ಮೂರು, ಆಮೇಲೆ ಒಂದು, ಈಗ ಎಂಟು ತಿಂಗಳಿಗೆ ಅದೇ ಮನೆಯವರು ಅದೇ ಬ್ಯಾಗು ತರುತ್ತಾರೆ, ಅಕ್ಕಾ, ಮತ್ತೆ ಸವೆದುಹೋಯ್ತು. ಚಕ್ರ ನೋಡಿದರೆ ಸಾಕು, ಆ ಮನೆ ಎಷ್ಟು ಸಲ ಬೀಗ ಹಾಕಿದೆ ಎಂದು ನಾನು ಹೇಳಬಲ್ಲೆ. ಅವರಾದರೂ ಯಾರು, ಅರಮನೆಯವರೇ? ಇಸ್ತ್ರಿಯವಳು, ಶಾಲೆಯ ಗುಮಾಸ್ತ, ಬಸ್ ಕಂಡಕ್ಟರ್ — ದಿನವಿಡೀ ಬಸ್ಸಲ್ಲೇ ಇರೋನಿಗೆ ಮತ್ತೆ ಪ್ರಯಾಣದ ಹುಚ್ಚೇನಪ್ಪಾ ಅಂದರೆ, ಅಮ್ಮಾ, ಕೂತ್ಕೊಂಡ್ ಹೋಗೋದು ಹೇಗಿರತ್ತೆ ಅಂತ ನೋಡ್ಬೇಕಲ್ಲ. ಪಕ್ಕದ ಕ್ಷೌರದವನು ವರ್ಷಕ್ಕೆ ಮೂರು ಸಲ ಅಂಗಡಿ ಮುಚ್ಚಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುತ್ತಾನೆ, ಗಿರಾಕಿ ತಪ್ಪಿ ಹೋಗಲ್ವೇನೋ ಅಂದರೆ ನಗುತ್ತಾನೆ, ಕೂದಲು ಎಲ್ಲಿಗೆ ಹೋಗತ್ತಕ್ಕಾ, ನಾನು ಬರೋವರೆಗೂ ಬೆಳೀತಾ ಇರತ್ತೆ. ಹೇಗೆ ಸಾಧ್ಯ ಇವರಿಗೆಲ್ಲ, ನನಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ, ಎಲ್ಲ ಸಾಲ, ಒಂದಿನ ಗೊತ್ತಾಗತ್ತೆ ಎಂದು ಇವರ ಮುಂದೆ ಗೊಣಗುತ್ತಿದ್ದೆ, ಮಗಳ ಮೇಲೂ ಅದೇ ಅನುಮಾನ, ಅವಳು ಓಡಿಸುವುದು ಶಾಲೆಯ ವ್ಯಾನು, ಅಳಿಯ ಫ್ರಿಜ್ ರಿಪೇರಿ ಮಾಡುತ್ತಾನೆ, ಇಬ್ಬರೂ ದುಡಿದರೂ ಎಷ್ಟು ಬಂದೀತು, ಒಂದಿನ ಕೇಳಿಯೇಬಿಟ್ಟೆ. ಅಮ್ಮ, ನಮ್ಮನೆ ಸೋಫಾ ನೋಡಿದೀಯಾ, ಅಂದಳು. ನೋಡಿದ್ದೆ, ಒಂದು ಕಾಲಿಗೆ ಇಟ್ಟಿಗೆ. ನಮ್ಮನೆ ಟಿವಿ ನೋಡಿದೀಯಾ. ಇರಲಿಲ್ಲ. ನೀನೂ ಅಪ್ಪಾನೂ ಮನೆ ಮೇಲೆ ಮನೆ ಕಟ್ಟಿದ್ರಿ, ನಾವು ಇರೋ ಮನೇಲೇ ಇದ್ಕೊಂಡು ಹೋಗ್ಬರ್ತೀವಿ, ಎಂಟು ತಿಂಗಳು ಮುಂಚೆ ಟಿಕೆಟ್ ತಗೋತೀವಿ, ಯಾರೂ ಹೋಗದ ಮಂಗಳವಾರ ಹೋಗ್ತೀವಿ, ಎಲ್ಲರಿಗೂ ಸೇರಿ ಅಡುಗೆಮನೆ ಇರೋ ಒಂದೇ ರೂಮ್ ಹಿಡೀತೀವಿ, ಹೋದಲ್ಲೂ ನಾನೇ ಬೇಯಿಸ್ತೀನಿ, ಮನೇಲಿ ಬೇಯಿಸೋದು ಬೇಸರ, ಅಲ್ಲಿ ಬೇಯಿಸೋದು ಖುಷಿ, ಅಷ್ಟೇ ಅಮ್ಮ ಗುಟ್ಟು. ಅಷ್ಟೇ! ಮೇಲಂತಸ್ತಿಗೆ ಎಂದು ನಾವು ಹೊಟ್ಟೆ ಬಟ್ಟೆ ಕಟ್ಟಿ ಸುರಿದದ್ದರಲ್ಲಿ ಈ ಭೂಮಿಯನ್ನು ಎಷ್ಟು ಸುತ್ತು ಹಾಕಬಹುದಿತ್ತೋ, ಈಗ ಆ ಮೇಲಂತಸ್ತಿನಲ್ಲಿ ಹಳೆಯ ಡಬ್ಬ ಇಟ್ಟಿದ್ದೇವೆ. ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ, ಬೆರಗಾಯಿತು, ಇಷ್ಟು ಸಣ್ಣ ಕದ ತೆಗೆದರೆ ಇಷ್ಟು ದೊಡ್ಡದು ಕಾಣುತ್ತದೆಯೇ, ಯಾರು ಹೇಳಿಕೊಟ್ಟರು ಇವರಿಗೆಲ್ಲ.

ಬೂದಿ ಬಣ್ಣದ್ದು ಬಂತು, ಹಳೆಯದು, ಮೂಲೆ ಹೊಲಿದಿದ್ದಾರೆ — ತಾಳು, ತಾಳು — ಆ ಮೂಲೆಯ ಕೊನೆಯ ಗಂಟು ಹಳದಿ. ನನ್ನ ಗಂಟು! ನಾನು ಯಾವ ಬಣ್ಣದ ದಾರದಲ್ಲಿ ಹೊಲಿದರೂ ಕೊನೆಯ ಗಂಟು ಹಳದಿ ದಾರದ್ದೇ, ಎರಡು ಸುತ್ತು, ಅದು ನನ್ನ ರುಜು, ಇವರು ನಗುತ್ತಿದ್ದರು, ಯಾರು ನೋಡ್ತಾರೇ ಅದನ್ನ, ನಾನೇ ನೋಡ್ತೀನಿ ಬಿಡಿ ಅನ್ನುತ್ತಿದ್ದೆ, ಈಗ ನೋಡುತ್ತಿದ್ದೇನೆ, ಊರಿಂದ ಇಷ್ಟು ದೂರದಲ್ಲಿ, ಯಾರೋ ಗುರುತಿಲ್ಲದ ಹೆಂಗಸು ಅದನ್ನು ಎತ್ತಿಕೊಂಡು ಹೋಗುತ್ತಿದ್ದಾಳೆ, ಮೈ ಜುಮ್ಮೆಂದಿತು, ನಾನು ಮೇಜು ಬಿಟ್ಟು ಏಳದೆ ಕೂತಿದ್ದಾಗ ನನ್ನ ಗಂಟುಗಳು ಎಲ್ಲೆಲ್ಲಿ ಅಲೆದಿವೆಯೋ, ಮೋಡದ ಬೆನ್ನನ್ನು ನನಗಿಂತ ಮುಂಚೆ ಎಷ್ಟು ಸಲ ದಾಟಿವೆಯೋ. ಹಿಡಿಗೆ ಬಿಳಿ ಪಟ್ಟಿ ಸುತ್ತಿದ್ದಾರೆ ಅದಕ್ಕೂ, ಎಲ್ಲದಕ್ಕೂ ಇದೆ, ಈ ಅಂಟಿನ ಪಟ್ಟಿ ಕಂಡರೆ ನನಗಾಗದು, ಬ್ಯಾಗು ಅಂಗಡಿಗೆ ಬಂದರೆ ಮೊದಲ ಕೆಲಸ ಅದನ್ನು ಕಿತ್ತು ಸೀಮೆಎಣ್ಣೆ ಬಟ್ಟೆಯಿಂದ ಒರೆಸುವುದು, ಬಿಟ್ಟರೆ ಚರ್ಮದ ಮೆರುಗೆಲ್ಲ ಅದರ ಜೊತೆ ಕಿತ್ತುಬರುತ್ತದೆ, ನಮ್ಮದಕ್ಕೂ ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ಟಿಕೆಟ್ ನೋಡಿದ ಹುಡುಗಿ ಸುತ್ತಿಬಿಟ್ಟಿದ್ದಳು, ಚಕ್ರ ಇಲ್ಲ, ಬೆಲ್ಟಿಗೆ ಸಿಕ್ಕಿಹಾಕ್ಕೊಳತ್ತೆ ಆಂಟಿ, ಆ ಕೊನೇ ಕೌಂಟರ್‌ಗೆ ನೀವೇ ತಗೊಂಡು ಹೋಗಿ ಕೊಡಿ, ಅಂದಳು, ತೆಗೆದುಕೊಂಡು ಹೋದೆ, ದಾರಿಯಲ್ಲಿ ಬೆಂಚಿನ ಮೇಲಿಟ್ಟು — ಅಜ್ಜಿ, ಆ ಬಿಳಿ ಪಟ್ಟಿ ಇದೆಯಲ್ಲ, ಅದನ್ನ ಮೆಷಿನ್ ಓದತ್ತೆ, ಮೊಮ್ಮಗಳು ಈಗ ನನ್ನ ಕೈ ಜಗ್ಗಿ ಪಾಠ ಹೇಳುತ್ತಿದ್ದಾಳೆ, ಅದ್ರಲ್ಲೇ ಬ್ಯಾಗ್ ಎಲ್ಲಿಗೆ ಹೋಗ್ಬೇಕು ಅಂತ ಇರತ್ತೆ, ಅದಿಲ್ದಿದ್ರೆ ಪಾಪ ಬ್ಯಾಗ್‌ಗೆ ದಾರೀನೇ ಗೊತ್ತಾಗಲ್ಲ — ಬೆಂಚಿನ ಮೇಲಿಟ್ಟು ಉಗುರಿನಿಂದ ಮೆಲ್ಲಗೆ ಸುಲಿದು, ಉಂಡೆ ಮಾಡಿ ಕಸದ ಬುಟ್ಟಿಗೆ ಹಾಕಿ, ಗುರುತಿಗೆ ಏನಾದರೂ ಬೇಕಲ್ಲ ಎಂದು ಕೈಚೀಲದಲ್ಲಿ ಯಾವಾಗಲೂ ಇರುವ ನಮ್ಮ ಅಂಗಡಿಯ ಚೀಟಿ, ಅರ್ಧ ಬ್ಯಾಗಿಗೆ ಕಟ್ಟಿ ಅರ್ಧ ಗಿರಾಕಿಗೆ ಕೊಡುವಂಥದ್ದು, ತೆಗೆದು, ಅರ್ಧ ಹರಿದು, ಹಳದಿ ದಾರದಲ್ಲಿ ಹಿಡಿಗೆ ಕಟ್ಟಿದೆ. ನಾನೇ ಕಟ್ಟಿದೆ. ಕೌಂಟರಿನವನು ನೋಡಲೂ ಇಲ್ಲ, ಒಳಗೆ ತಳ್ಳಿದ. ದಾರಿ ಹೇಳುವುದನ್ನೇ ಕಿತ್ತು ಬಿಸಾಡಿದ್ದೇನೆ.

ಇಲ್ಲ, ಬರುತ್ತದೆ, ಯಾರಾದರೂ ನೋಡಿರುತ್ತಾರೆ — ಏನೆಂದು ನೋಡುತ್ತಾರೆ, ಇನ್ನೂರ ಹದಿನೇಳು, ಬಕಲ್ ಬ್ಯಾಗ್, ಒಂದು, ಎಂದು ಬರೆದಿದ್ದೇನೆ, ಊರಿಲ್ಲ, ಹೆಸರಿಲ್ಲ. ಕಪ್ಪು ಬಂತು, ಈಗಾಗಲೇ ನೋಡಿದ್ದು, ಸುತ್ತು ಹಾಕಿ ಮತ್ತೆ ಬಂತು. ಜನ ಕರಗಿದ್ದಾರೆ, ಮಗಳು ಬಾಗಿಲ ಹತ್ತಿರ ಫೋನಿನಲ್ಲಿ ರೂಮಿನವರೊಡನೆ ಮಾತಾಡುತ್ತಿದ್ದಾಳೆ, ಸ್ಟವ್ ಇದೆ ತಾನೇ, ಅಳಿಯ ಗಾಡಿ ನೋಡಲು ಹೋದ. ಇವರು ಮಾತ್ರ ಹಾಗೇ ನಿಂತಿದ್ದಾರೆ. ಹೇಳಬೇಕು. ಹೇಗೆ ಹೇಳಲಿ, ಆ ಕೈಗಳು ಇನ್ನೊಂದನ್ನು ಹೊಲಿಯಲಾರವು, ಒಂದು ಸಲ ಹರಿದ ಜೇಬು ಹೊಲಿಯಲು ಕೂತು ಬೆರಳಿಗೆ ಚುಚ್ಚಿಕೊಂಡು, ನಾನು ನೋಡದ ಹಾಗೆ ರಕ್ತ ಒರೆಸಿ, ಕಣ್ಣು ಮಂಜಾಗಿದೆ ಕಣೇ ಎಂದು ಸುಳ್ಳು ಹೇಳಿದ ಮನುಷ್ಯ, ಆ ಬ್ಯಾಗೊಂದೇ ಉಳಿದಿದ್ದದ್ದು, ಆ ಕೈಗಳು ಹೇಗಿದ್ದವು ಎನ್ನುವುದಕ್ಕೆ, ಈಗ ಇವರು ಹಿಂದಕ್ಕೆ ಹೋಗೋಣ ನಡಿ ಅಂದರೆ ನಾನು ಯಾವ ಬಾಯಲ್ಲಿ ಬೇಡ ಅನ್ನಲಿ, ಸಮುದ್ರ ಗೋಡೆಯಾಚೆಯೇ ಇದೆಯಂತೆ, ಹತ್ತು ನಿಮಿಷವಂತೆ. ಬೆಲ್ಟು ಸುಮ್ಮನೆ ತಿರುಗುತ್ತಿದೆ, ಮೇಲೆ ಏನೂ ಇಲ್ಲ, ರಬ್ಬರ್ ಪಟ್ಟಿಗಳು ಅಲ್ಲಾಡುವುದನ್ನು ನಿಲ್ಲಿಸಿದವು, ಬೆಲ್ಟೂ ನಿಂತಿತು. ರೀ, ಅಂದೆ. ಹೂಂ. ನಾನೊಂದು ತಪ್ಪು ಮಾಡಿದೆ, ಆ ಪಟ್ಟಿ ಕಿತ್ತುಬಿಟ್ಟೆ ರೀ, ಚರ್ಮ ಹಾಳಾಗತ್ತೆ ಅಂತ, ನಮ್ಮ ಚೀಟಿ ಕಟ್ಟಿದೆ. ತಿರುಗಿ ನೋಡಿದರು. ಇಷ್ಟು ವರ್ಷದಲ್ಲಿ ಹಾಗೆ ನೋಡಿದ್ದೇ ಇಲ್ಲ ನನ್ನನ್ನು. ಚೀಟಿಯ ಇನ್ನರ್ಧ ನನ್ನ ಅಂಗೈಯಲ್ಲಿ ಬೆವರಿಗೆ ಒದ್ದೆಯಾಗಿತ್ತು, ಹಿಂದೆ ಕಟ್ಟಿದ್ದ ಕೈ ಬಿಚ್ಚಿ ತೆಗೆದುಕೊಂಡರು, ಚೀಟಿ ಗಾಳಿಗೆ ಸಿಕ್ಕಂತೆ ನಡುಗಿತು, ಎಲ್ಲರ ಮುಂದೆ, ಅಡಗಿಸಲಿಲ್ಲ, ಕಣ್ಣಿಗೆ ಹತ್ತಿರ ಹಿಡಿದು ಅದರ ಕೆಳಗೆ ಅಚ್ಚಾದದ್ದನ್ನು ಓದಿದರು, ಮೂವತ್ತು ದಿನದೊಳಗೆ ತೆಗೆದುಕೊಂಡು ಹೋಗದಿದ್ದರೆ ಅಂಗಡಿಯವರು ಜವಾಬ್ದಾರರಲ್ಲ. ಮೂವತ್ತನಾಲ್ಕು ವರ್ಷ ಆಯ್ತಲ್ಲೇ, ಅಂದರು, ನಮ್ಮದೇ ರೂಲ್ಸು. ನಗು ಮೊದಲು ಭುಜದಲ್ಲಿ ಬಂತು, ಆಮೇಲೆ ಬಾಯಲ್ಲಿ, ಕಣ್ಣಲ್ಲಿ ಬೇರೆಯೇ ಇತ್ತು. ಗಂಟು ಸರಿಯಾಗಿ ಹಾಕಿದೀಯಾ. ಎರಡು ಸುತ್ತು. ಹಾಗಾದ್ರೆ ಬಿಚ್ಚಲ್ಲ ಬಿಡು, ಎಲ್ಲೋ ಹೋಗ್ತಾ ಇದೆ ಅದು, ಹೋಗ್ಲಿ, ಪಾಪ, ಎಷ್ಟು ವರ್ಷದಿಂದ ಕಾದಿತ್ತು. ಸಿಟ್ಟಿಲ್ವಾ ರೀ. ಇದೆ, ಆಮೇಲೆ ಬಯ್ತೀನಿ, ಮೊದ್ಲು ನೀರು ನೋಡೋಣ ನಡಿ. ಮಗಳಿಗೆ ಹೇಳಬೇಕು, ದೂರು ಬರೆಸಬೇಕು, ಸಿಕ್ಕರೂ ಸಿಕ್ಕೀತು, ಎಷ್ಟೋ ಸಿಗುತ್ತವಂತೆ, ಇವರು ಕೈ ಚಾಚಿದ್ದಾರೆ, ಹಿಡಿದೆ, ನನ್ನ ಕೈಯೊಳಗೆ ಹಕ್ಕಿಯ ಹಾಗೆ ನಡುಗುತ್ತಿದೆ, ಇಬ್ಬರ ಕೈಯಲ್ಲೂ ಬೇರೆ ಏನೂ ಇಲ್ಲ, ಗಾಜಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತು, ಉಪ್ಪಿನ ಗಾಳಿ, ಮೊಮ್ಮಗಳು ಮುಂದೆ ಓಡುತ್ತಿದ್ದಾಳೆ, ಬೆಳಕು, ಎಷ್ಟೊಂದು ಬೆಳಕು, ಕಣ್ಣು ಮುಚ್ಚಿಕೊಂಡೆ, ಮುಚ್ಚಿದರೆ ಅಂಗಡಿ, ಬಾಗಿಲು ಹಾಕಿದೆ, ಯಂತ್ರಗಳು ಸುಮ್ಮನಿವೆ, ಬೂದಿ ಗೋಡೆ, ಖಾಲಿ ಮೊಳೆ, ಮೊಳೆಯ ಕೆಳಗೆ ಬ್ಯಾಗಿನಷ್ಟೇ ನೀಲಿ.