ವಿಲ್ಮಾ ಕೊಟ್ಟ ಕಾಗದ

"ಅಂಥ ಕಾಗದ ಯಾವುದೂ ನಮ್ಮ ಆಫೀಸಿಗೆ ಬಂದಿಲ್ಲ," ಎಂದ ಶಾಲೆಗಳ ಸೂಪರಿಂಟೆಂಡೆಂಟ್ ಪ್ರೆಸ್ಕಾಟ್. ಮುಂದಿದ್ದ ಫೈಲನ್ನು ಎರಡು ಬೆರಳಲ್ಲಿ ನೇರ ಮಾಡಿ, "ಎರಡು ಸಲ ಹುಡುಕಿಸಿದೀನಿ," ಎಂದು ಸೇರಿಸಿದ.

ಹೈಸ್ಕೂಲಿನ ಲೈಬ್ರರಿಯಲ್ಲಿ ಹಾಕಿದ್ದ ಕುರ್ಚಿಗಳು ಸಾಲದೆ ಜನ ಬಾಗಿಲವರೆಗೂ ನಿಂತಿದ್ದರು. ನೆಬ್ರಾಸ್ಕಾದ ಜನವರಿಯ ಗಾಳಿ ಕಿಟಕಿಯ ಗಾಜನ್ನು ಅಲುಗಿಸುತ್ತಿತ್ತು. ಉದ್ದನೆಯ ಮೇಜಿನ ಹಿಂದೆ ಶಾಲಾ ಮಂಡಳಿಯ ಐದೂ ಸದಸ್ಯರು. ನಡುವಿನ ಕುರ್ಚಿಯಲ್ಲಿ ಅಧ್ಯಕ್ಷ ಲಾಯ್ಡ್ ಹೆಲ್ಮರ್. ಎರಡು ಊರು, ಮೂರು ಶಾಲೆಗಳ ಆ ಪುಟ್ಟ ಶಾಲಾ ಜಿಲ್ಲೆಯ ಜನ ಅವನನ್ನು ಮೂರು ಸಲ ಆರಿಸಿದ್ದರು. ಹಗಲಿನಲ್ಲಿ ಅವನು ರೈಲುಹಳಿಯ ಪಕ್ಕದ ಧಾನ್ಯದ ಉಗ್ರಾಣದ ಮ್ಯಾನೇಜರು. ಯಾರ ಮೆಕ್ಕೆಜೋಳ ಎಷ್ಟು ಒಣಗಿದೆಯೆಂದು ಅವನು ಹೇಳಿದರೆ ಅದಕ್ಕೆ ಎದುರು ಮಾತಾಡುವವರು ಆ ಕಡೆ ಇರಲಿಲ್ಲ.

ಮೇಜಿನ ಎದುರು ಒಂಟಿ ಕುರ್ಚಿಯಲ್ಲಿ ವಿಲ್ಮಾ ಸ್ಟೂಬೆ ಕುಳಿತಿದ್ದಳು. ಇಪ್ಪತ್ತಾರು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದವಳು. ಇವತ್ತು ಚರ್ಚಿಗೆ ಹಾಕಿಕೊಳ್ಳುವ ನೀಲಿ ಕೋಟು ಹಾಕಿದ್ದಳು. ಅದರ ಗುಂಡಿ ಒಂದನ್ನೂ ಬಿಚ್ಚಿರಲಿಲ್ಲ.

ಆಗಿದ್ದು ಇಷ್ಟು. ಮೂರು ವಾರದ ಹಿಂದೆ, ಹೊರಗೆ ಉಸಿರು ಹೆಪ್ಪುಗಟ್ಟುವಂಥ ಬೆಳಿಗ್ಗೆ, ಟೆಸ್ಸಾ ಎಂಬ ಐದು ವರ್ಷದ ಹುಡುಗಿ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದಳು. ಎಲ್ಲ ಮಕ್ಕಳೂ ಇಳಿದ ಮೇಲೆ ಚಾಲಕರು ಬಸ್ಸಿನ ಕೊನೆಯವರೆಗೆ ನಡೆದು ನೋಡಬೇಕೆಂದು ನಿಯಮ. ಅವತ್ತು ವಿಲ್ಮಾ ನೋಡಿರಲಿಲ್ಲ. ಬಸ್ಸನ್ನು ಶೆಡ್ಡಿನ ಪಕ್ಕ ನಿಲ್ಲಿಸಿ, ಪಕ್ಕದ ಊರಿನ ಪುಟ್ಟ ಮಕ್ಕಳನ್ನು ಕರೆತರಲು ವ್ಯಾನು ಹತ್ತಿ ಹೋಗಿದ್ದಳು. ಆ ವರ್ಷದಿಂದ ಅದೂ ಅವಳದೇ ಕೆಲಸವಾಗಿತ್ತು. ಐವತ್ತು ನಿಮಿಷದ ಮೇಲೆ ಮೆಕ್ಯಾನಿಕ್ಕಿಗೆ ಅಳುವ ಸದ್ದು ಕೇಳಿಸಿತು. ಮಗುವಿನ ಕಾಲ್ಬೆರಳುಗಳು ಬಿಳಿಚಿಕೊಂಡಿದ್ದವು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡು, ಬೆರಳುಗಳು ಉಳಿದವು ಎಂದು ಹೇಳಿ ಕಳಿಸಿದ್ದರು.

"ನಾನು ಬರೆದು ಕೊಟ್ಟಿದ್ದೆ," ಎಂದಳು ವಿಲ್ಮಾ. "ಅಕ್ಟೋಬರ್‌ನಲ್ಲಿ. ಬಸ್ಸಿನ ಎರಡನೇ ಟ್ರಿಪ್ಪಿಗೂ ವ್ಯಾನಿಗೂ ಮಧ್ಯೆ ಟೈಮು ಸಾಲಲ್ಲ ಅಂತ."

"ಯಾರ ಕೈಗೆ ಕೊಟ್ರಿ, ವಿಲ್ಮಾ?" ಮೇಜಿನ ತುದಿಯಲ್ಲಿದ್ದ ಸದಸ್ಯೆ ಮೆದುವಾಗಿ ಕೇಳಿದಳು.

ವಿಲ್ಮಾ ತಲೆ ಎತ್ತಿ ಲಾಯ್ಡ್‌ನನ್ನು ನೋಡಿದಳು. ಬಯ್ಯುವ ನೋಟವಲ್ಲ. ತಿರುವಿನಲ್ಲಿ ಎದುರಿನ ಗಾಡಿ ದಾರಿ ಬಿಡುತ್ತದೋ ಇಲ್ಲವೋ ಎಂದು ನೋಡುವಂತೆ ನೋಡಿದಳು. ಲಾಯ್ಡ್‌ನ ಬಾಯಿ ತೆರೆಯಿತು. ಅವನು ಲೋಟ ಎತ್ತಿ ನೀರು ಕುಡಿದ.

"ಇರಲಿ ಬಿಡಿ," ಎಂದಳು ವಿಲ್ಮಾ. "ಮಗು ಇದ್ದದ್ದು ನನ್ನ ಬಸ್ಸಲ್ಲಿ."

ಕೆಲಸದಿಂದ ತೆಗೆಯುವ ಠರಾವಿಗೆ ಒಬ್ಬೊಬ್ಬರ ಹೆಸರು ಕರೆದು ಮತ ಕೇಳಿದರು. ಅಧ್ಯಕ್ಷನ ಹೆಸರು ಕೊನೆಗೆ ಬಂತು. "ಹೌದು," ಎಂದ ಲಾಯ್ಡ್. ತನ್ನ ದನಿ ಅಷ್ಟು ಸ್ಪಷ್ಟವಾಗಿ ಹೊರಟದ್ದು ಅವನಿಗೇ ವಿಚಿತ್ರವೆನಿಸಿತು.

ಜನ ಎದ್ದು ಹೋಗುವಾಗ ಟೆಸ್ಸಾಳ ತಾಯಿ ಕಾರ್ಲಾ ಗುಂಪನ್ನು ಸರಿಸಿಕೊಂಡು ಬಂದು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಅವಳ ಕಣ್ಣು ಊದಿಕೊಂಡಿದ್ದವು. "ಥ್ಯಾಂಕ್ಸ್, ಲಾಯ್ಡ್. ವಿಲ್ಮಾ ನಿಮಗೆ ಎಷ್ಟು ಹಳೇ ಪರಿಚಯ ಅಂತ ಗೊತ್ತು. ಆದ್ರೂ ನೀವು ನ್ಯಾಯವಾಗಿ ನಡ್ಕೊಂಡ್ರಿ."

ಅವನು ತಲೆಯಾಡಿಸಿದ. ಕೈ ಬಿಡಿಸಿಕೊಳ್ಳಲಿಲ್ಲ.

ಕಾಗದ ಅವನ ಪಿಕಪ್ ಗಾಡಿಯ ಮುಂದಿನ ಖಾನೆಯಲ್ಲಿ, ಟೈರಿನ ಗಾಳಿ ನೋಡುವ ಸಾಧನದ ಕೆಳಗೆ ಇತ್ತು. ಕೊಯ್ಲಿನ ಗಡಿಬಿಡಿಯಲ್ಲಿ, ಲಾರಿಗಳು ಸಾಲುಗಟ್ಟಿ ನಿಂತಿದ್ದ ಮಧ್ಯಾಹ್ನ ವಿಲ್ಮಾ ಉಗ್ರಾಣಕ್ಕೆ ಬಂದು ಅದನ್ನು ಅವನ ಕೈಗಿಟ್ಟಿದ್ದಳು. "ಸಭೆ ಮುಂದೆ ಇಡು, ಲಾಯ್ಡ್. ನಿಂತ್ಕೊಂಡು ಮಾತಾಡೋಕೆ ನಂಗೆ ಬರಲ್ಲ." ಅವನು ಅಲ್ಲೇ ನಿಂತು ಓದಿದ್ದ. ಇಡ್ತೀನಿ ಅಂದಿದ್ದ. ಸಂಜೆ ಪ್ರೆಸ್ಕಾಟ್‌ಗೆ ಫೋನು ಮಾಡಿದಾಗ ಅವನು ನಕ್ಕಿದ್ದ. "ಒಬ್ಬ ಡ್ರೈವರ್ ದೂರು ಕಾರ್ಯಸೂಚಿಗೆ ಬಂತು ಅಂದ್ರೆ ನಾಳೆ ಅಡುಗೆಯವರದ್ದು, ನಾಡಿದ್ದು ಕಸ ಗುಡಿಸೋರದ್ದು. ಬಿಡಿ, ನಾನೇ ಅವಳ ಹತ್ರ ಮಾತಾಡ್ತೀನಿ." ಮಾತಾಡಿದನೋ ಇಲ್ಲವೋ ಲಾಯ್ಡ್ ಕೇಳಲಿಲ್ಲ. ಕಾಗದ ಆಫೀಸಿಗೆ ಬಂದಿಲ್ಲವೆಂಬ ಪ್ರೆಸ್ಕಾಟ್‌ನ ಮಾತು ಸುಳ್ಳಾಗಿರಲಿಲ್ಲ. ಅದು ಸುಳ್ಳಾಗದಂತೆ ಕಾಪಾಡಿದವನು ಲಾಯ್ಡ್.

ಶುಕ್ರವಾರದವರೆಗೆ ಅವನು ಹೆಂಡತಿಗೂ ಹೇಳಲಿಲ್ಲ. ಆಮೇಲೆ ಊಟದ ತಟ್ಟೆಯ ಪಕ್ಕ ಕಾಗದ ಇಟ್ಟ. ಇರೀನ್ ಓದಿ ಮುಗಿಸಿ, ಕನ್ನಡಕ ತೆಗೆದಳು.

"ಇದು ನಿನ್ನ ಹತ್ರ ಇತ್ತಾ?"

"ಹೂಂ."

"ಅವಳು ಅಲ್ಲಿ ಕೂತಿರುವಾಗ ಇತ್ತಾ?"

"ಮಂಡಳಿಯ ಲಾಯರು ಹೇಳಿದ್ದ, ನಮಗೆ ಮೊದಲೇ ಗೊತ್ತಿತ್ತು ಅಂತ ಹೊರಗೆ ಬಂದ್ರೆ ಕೋರ್ಟು ಕಚೇರಿ ಅಂತ..."

"ನಾನು ಲಾಯರ ವಿಷಯ ಕೇಳಲಿಲ್ಲ," ಎಂದಳು ಇರೀನ್. ತನ್ನ ತಟ್ಟೆ ಎತ್ತಿಕೊಂಡು ಸಿಂಕಿಗೆ ಹೋದಳು. ಅವನದಿನ್ನೂ ಅರ್ಧ ಊಟವಾಗಿತ್ತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವನು ವಿಲ್ಮಾಳ ಮನೆಗೆ ಹೋದ. ಅವಳು ಮೆಟ್ಟಿಲಿನ ಮೇಲೆ ಗಟ್ಟಿಯಾದ ಮಂಜನ್ನು ಸಲಿಕೆಯಿಂದ ಕೆತ್ತುತ್ತಿದ್ದಳು. ಗಾಡಿಯ ಸದ್ದಿಗೆ ತಿರುಗಲಿಲ್ಲ.

"ಕೊಡು, ನಾನು ಮಾಡ್ತೀನಿ," ಎಂದ.

"ಬೇಡ. ಈಗ ನಂಗೆ ಬೇಕಾದಷ್ಟು ಟೈಮಿದೆ."

ಅವನು ಬೇಲಿಯ ಹತ್ತಿರವೇ ನಿಂತ. ಗಾಡಿಯಲ್ಲಿ ನಾಲ್ಕು ಸಲ ಹೇಳಿಕೊಂಡು ಬಂದಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಕೊನೆಗೆ, "ಯಾಕೆ ನನ್ನ ಹೆಸರು ಹೇಳಲಿಲ್ಲ?" ಎಂದ.

ವಿಲ್ಮಾ ಸಲಿಕೆಗೆ ಒರಗಿದಳು. "ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಬಾಯಿ ತೆಗ್ದೆಯಲ್ಲ. ಹಾಂ, ಬಂತು ಅಂದ್ಕೊಂಡೆ. ನೋಡಿದ್ರೆ ನೀರು ಕುಡೀತಿದೀಯ." ಅವಳು ನಕ್ಕಳು. ಆ ನಗೆ ಅವನಿಗೆ ಹೊಡೆತದಂತೆ ತಾಗಿತು. "ಹೇಳಿದ್ರೆ ಏನಾಗ್ತಿತ್ತು? ಮುದುಕಿ ತಪ್ಪು ಮಾಡಿ ಇನ್ನೊಬ್ಬರ ತಲೆಗೆ ಕಟ್ತಿದಾಳೆ ಅಂತಿದ್ರು."

"ತಪ್ಪು ನಂದು, ವಿಲ್ಮಾ."

"ಸುಮ್ನಿರು." ಅವಳ ದನಿ ಏರಿತು. "ಮೂವತ್ತು ಹೆಜ್ಜೆ ನಡೀಲಿಲ್ಲ ನಾನು. ಆ ಮಗು ಹಿಂದೆ ಮಲಗಿತ್ತು, ನಾನು ಬಾಗಿಲು ಎಳ್ಕೊಂಡು ಹೋದೆ. ದಿನಾ ಕಣ್ಣು ಬಿಟ್ಟ ತಕ್ಷಣ ಅದೇ ಬಾಗಿಲಿನ ಸದ್ದು. ಅದು ನಂದು. ಅದನ್ನ ನಿಂಗೆ ಕೊಡಲ್ಲ. ನಿಂದೇನಿದೆಯೋ ಅದನ್ನ ನೀನು ನೋಡ್ಕೋ."

"ಸಭೇಲಿ ಹೇಳಿಬಿಡ್ಲಾ?"

"ನನ್ನ ಕೇಳ್ಬೇಡ. ಹೇಳು ಅಂದ್ರೆ ವಿಲ್ಮಾ ಹೇಳಿದ್ಲು ಅಂತ ಮಾಡ್ತೀಯ. ಬೇಡ ಅಂದ್ರೆ ಅವಳೇ ಬೇಡ ಅಂದ್ಲು ಅಂತ ಆರಾಮಾಗಿ ಮಲಗ್ತೀಯ." ಅವಳು ಮತ್ತೆ ಸಲಿಕೆ ಎತ್ತಿದಳು. "ಇವತ್ತು ಒಳಗೆ ಬಾ ಅಂತ ಕರೆಯಲ್ಲ, ಲಾಯ್ಡ್. ತಪ್ಪು ತಿಳ್ಕೋಬೇಡ."

ಫೆಬ್ರವರಿಯ ಸಭೆಗೆ ಹೆಚ್ಚು ಜನ ಇರಲಿಲ್ಲ. ಬೇಸಿಗೆಯ ರಜೆಯ ತಾರೀಕು, ಜಿಮ್ಮಿನ ಸೋರುವ ಮಾಡು ಇಂಥವೇ ವಿಷಯ. ಸಾರ್ವಜನಿಕರು ತಲಾ ಮೂರು ನಿಮಿಷ ಮಾತಾಡುವ ಸಮಯ ಬಂದಾಗ ಲಾಯ್ಡ್ ಅಧ್ಯಕ್ಷನ ಮರದ ಸುತ್ತಿಗೆಯನ್ನು ಪಕ್ಕದ ಸದಸ್ಯನ ಮುಂದಿಟ್ಟು, ಮೇಜನ್ನು ಸುತ್ತಿಕೊಂಡು ಬಂದು ಜನರ ಕಡೆಯ ಮೈಕಿನ ಮುಂದೆ ನಿಂತ. ಅಲ್ಲಿಂದ ಮಂಡಳಿಯನ್ನು ಅವನು ಎಂದೂ ನೋಡಿರಲಿಲ್ಲ. ನಡುವಿನ ಖಾಲಿ ಕುರ್ಚಿ ಬಹಳ ಎತ್ತರವಾಗಿ ಕಂಡಿತು. ಪ್ರೆಸ್ಕಾಟ್ ಪೆನ್ನನ್ನು ಮೇಜಿನ ಮೇಲಿಟ್ಟ.

"ಲಾಯ್ಡ್, ಈ ವಿಷಯ ಲಾಯರ ಹತ್ರ ಮೊದಲು..."

"ನಂಗೂ ಮೂರು ನಿಮಿಷ ಇದೆ," ಎಂದ ಲಾಯ್ಡ್. "ಎಲ್ಲರ ಹಾಗೆ."

ಅವನು ಕಾಗದ ಬಿಚ್ಚಿ ಓದಿದ. "ಲಾಯ್ಡ್, ಹೊಸ ವ್ಯವಸ್ಥೆಯಲ್ಲಿ ಬಸ್ಸು ನಿಲ್ಲಿಸಿ ವ್ಯಾನು ಹತ್ತೋದಕ್ಕೆ ನನಗೆ ನಾಲ್ಕು ನಿಮಿಷ ಸಿಗುತ್ತೆ. ರಸ್ತೆ ಚೆನ್ನಾಗಿದ್ದರೆ. ಚಳಿಗಾಲದಲ್ಲಿ ಅದೂ ಸಿಗಲ್ಲ. ಚಿಕ್ಕ ಮಕ್ಕಳು ಹೀಟರಿನ ಬಿಸಿಗೆ ನಿದ್ದೆ ಹೋಗ್ತಾರೆ. ಸೀಟಿನ ಕೆಳಗೂ ಬಗ್ಗಿ ನೋಡಬೇಕು. ಹೋದ ವಾರ ಎರಡು ದಿನ ನಾನು ಅರ್ಧದವರೆಗೆ ಮಾತ್ರ ನೋಡಿ ಇಳಿದುಬಿಟ್ಟೆ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳ್ತಿದೀನಿ. ಯಾರಾದರೂ ಇದನ್ನ ಸರಿಮಾಡಿ. ಒಂದು ದಿನ ಯಾವುದಾದರೂ ಮಗೂನ ಬಿಟ್ಟು ಹೋಗ್ತೀನಿ ಅಂತ ಭಯ ನನಗೆ."

ಅವನು ಕಾಗದ ಮಡಿಸಿದ. "ಇದನ್ನ ವಿಲ್ಮಾ ನನ್ನ ಕೈಗೆ ಕೊಟ್ಟಿದ್ದಳು. ನಾನು ಓದಿದ್ದೆ. ಸೂಪರಿಂಟೆಂಡೆಂಟ್ ಪ್ರೆಸ್ಕಾಟ್‌ಗೂ ಹೇಳಿದ್ದೆ. ಆದ್ರೆ ಸಭೆ ಮುಂದೆ ಇಡಬೇಕಾಗಿದ್ದೋನು ನಾನು, ಇಡಲಿಲ್ಲ. ಹೋದ ತಿಂಗಳು ಯಾರಿಗೆ ಕೊಟ್ರಿ ಅಂತ ಅವಳನ್ನ ಕೇಳಿದಾಗ ಇಲ್ಲೇ ಕೂತಿದ್ದೆ. ಸುಮ್ಮನೆ ಕೂತಿದ್ದೆ. ಆಮೇಲೆ ಅವಳ ವಿರುದ್ಧ ಮತ ಹಾಕಿದೆ. ನಾಳೆಯಿಂದ ನಾನು ಮಂಡಳೀಲಿ ಇರಲ್ಲ."

ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಸರಿದ ಸದ್ದಾಯಿತು. ಕಾರ್ಲಾ ಎದ್ದು ನಿಂತಿದ್ದಳು. ಅವಳು ಬಂದಿರುವುದು ಅವನಿಗೆ ಗೊತ್ತಿರಲಿಲ್ಲ.

"ಅವತ್ತು ನಾನು ನಿಮ್ಮ ಕೈ ಹಿಡ್ಕೊಂಡೆ," ಎಂದಳು. ಕೂಗಲಿಲ್ಲ. ಕೂಗಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. "ಥ್ಯಾಂಕ್ಸ್ ಹೇಳಿದೆ. ನಿಮಗೆ. ಆಗಲೂ ಏನೂ ಹೇಳಲಿಲ್ಲ ನೀವು."

"ಇಲ್ಲ," ಎಂದ ಲಾಯ್ಡ್. "ಹೇಳಲಿಲ್ಲ."

ಅವಳು ಕೋಟನ್ನು ತೋಳಿನ ಮೇಲೆ ಹಾಕಿಕೊಂಡೇ ಆ ಚಳಿಗೆ ಹೊರಟುಹೋದಳು. ಸಭೆ ಮುಂದಿನ ವಿಷಯಕ್ಕೆ ಹೋಯಿತು. ಲಾಯ್ಡ್ ಎಲ್ಲಿ ಕೂರಬೇಕೆಂದು ತಿಳಿಯದೆ ಬಾಗಿಲ ಹತ್ತಿರ ನಿಂತೇ ಇದ್ದ.

ಮಾರ್ಚಿನಲ್ಲಿ ಮಂಡಳಿ ವ್ಯಾನಿಗೆ ಬೇರೆ ಚಾಲಕನನ್ನು ಹುಡುಕಿತು. ವಿಲ್ಮಾಳ ಮೇಲಿನ ಠರಾವನ್ನು ಹಿಂತೆಗೆದುಕೊಂಡು, ವಾಪಸು ಬನ್ನಿ ಎಂದು ಎರಡು ಸಾಲಿನ ಪತ್ರ ಬರೆಯಿತು. ಅವಳು ಹೋಗಲಿಲ್ಲ. ಕನ್ನಡಿಯಲ್ಲಿ ಮಕ್ಕಳ ತಲೆ ಎಣಿಸುವುದು ಇನ್ನು ತನ್ನಿಂದಾಗುವುದಿಲ್ಲ ಎಂದು ಹೇಳಿ ಕಳಿಸಿ, ಪಕ್ಕದ ಊರಿನ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಪ್ರೆಸ್ಕಾಟ್ ಬೇರೊಂದು ಜಿಲ್ಲೆಗೆ ಅರ್ಜಿ ಹಾಕಿದ್ದಾನೆಂದು ಸುದ್ದಿಯಾಯಿತು. ಕಾರ್ಲಾಳ ಕುಟುಂಬ ಕೋರ್ಟಿಗೆ ಹೋಯಿತು. ಲಾಯ್ಡ್ ಎರಡು ಗಂಟೆ ಲಾಯರುಗಳ ಮುಂದೆ ಕೂತು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಬಂದ. ಉಗ್ರಾಣಕ್ಕೆ ಬರುವ ರೈತರು ಈಗಲೂ ಬರುತ್ತಿದ್ದರು. ಅವನು ತೇವಾಂಶ ಹೇಳಿದಾಗ ಕೆಲವರು ಬಗ್ಗಿ ತಾವೇ ಒಮ್ಮೆ ಮೀಟರನ್ನು ನೋಡಿಕೊಳ್ಳುತ್ತಿದ್ದರು.

ಮೇ ತಿಂಗಳ ಒಂದು ಭಾನುವಾರ ಅಗ್ನಿಶಾಮಕ ದಳದವರು ಪ್ರತಿ ವರ್ಷದಂತೆ ಊರಿಗೆಲ್ಲ ತಿಂಡಿ ಮಾಡಿದ್ದರು. ಕೆಂಪು ಗಾಡಿಗಳನ್ನು ಹೊರಗೆ ನಿಲ್ಲಿಸಿ, ಶೆಡ್ಡಿನೊಳಗೆ ಉದ್ದುದ್ದ ಮೇಜು ಹಾಕಿದ್ದರು. ಪ್ಯಾನ್‌ಕೇಕಿನ ಹೊಗೆ, ಮಕ್ಕಳ ಗಲಾಟೆ. ತಾನು ಬರುವುದಿಲ್ಲವೆಂದು ಇರೀನ್ ಹೇಳಿದ್ದಳು. ಕೊನೆಗೆ ಬಂದು, ಅವನ ಪಕ್ಕ ಕೂತಿದ್ದಳು. ಅವರ ಮೇಜಿನಲ್ಲಿ ಜಾಗ ಇನ್ನೂ ಇತ್ತು.

ವಿಲ್ಮಾ ತಟ್ಟೆ ಹಿಡಿದು ಸಾಲುಗಳ ನಡುವೆ ಬಂದಳು. ಅತ್ತ ನೋಡಿದಳು, ಇತ್ತ ನೋಡಿದಳು. ಉಳಿದ ಕಡೆಯೆಲ್ಲ ತುಂಬಿತ್ತು. ಅವಳು ಬಂದು ಲಾಯ್ಡ್‌ನ ಎದುರಿನ ಕುರ್ಚಿ ಎಳೆದುಕೊಂಡಳು. ಇರೀನ್‌ಗೆ "ಬೆಳಗ್ಗೆ ಗಾಳಿ ಜೋರಿತ್ತು, ಅಲ್ವಾ," ಎಂದಳು. ಇರೀನ್ ಹೌದೆಂದಳು. ಆಮೇಲೆ ಮೂವರೂ ತಟ್ಟೆ ನೋಡಿಕೊಂಡು ತಿಂದರು.

ಕಾಫಿಯ ಜಗ್ಗು ಕೈಯಿಂದ ಕೈಗೆ ಸಾಗಿ ಅವಳ ಹತ್ತಿರ ಬಂತು. ವಿಲ್ಮಾ ತನ್ನ ಲೋಟ ತುಂಬಿಸಿಕೊಂಡಳು. ಜಗ್ಗನ್ನು ಮುಂದಕ್ಕೆ ಕೊಡಲಿಲ್ಲ, ತನ್ನ ಕಡೆಗೂ ಇಟ್ಟುಕೊಳ್ಳಲಿಲ್ಲ. ಅದನ್ನು ಮೇಜಿನ ನಡುವೆ ಇಟ್ಟು, ಚಾಕುವಿನಿಂದ ಪ್ಯಾನ್‌ಕೇಕನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸತೊಡಗಿದಳು. ಜಗ್ಗಿನ ಬಾಯಿಯಿಂದ ಹಬೆ ಏಳುತ್ತಿತ್ತು. ಲಾಯ್ಡ್ ಖಾಲಿ ಲೋಟದ ಸುತ್ತ ಬೆರಳು ಸುತ್ತಿ, ಅದು ಏಳುವುದನ್ನೇ ನೋಡುತ್ತ ಕುಳಿತಿದ್ದ.