ಕಾಶವ್ವನ ತಾರೀಕು ಹಿಡಿಸದ ಡಬ್ಬಿ

ನಾನೊಂದು ಪುಟ್ಟ ಡಬ್ಬಿ, ಕಣ್ಣಿಗೆ ಕಾಣುವವನಲ್ಲ. ಹಾಜರಿ ಯಂತ್ರದೊಳಗೆ, ಉಳಿದ ಪ್ರೋಗ್ರಾಂಗಳನ್ನೆಲ್ಲ ಆಳುವ ಕರ್ನಲ್ ಎಂಬ ಯಜಮಾನ ಪ್ರೋಗ್ರಾಂನ ಬಾಗಿಲಲ್ಲಿ ನನ್ನ ವಾಸ. ಪ್ರೋಗ್ರಾಂಗಳು ತರುವ ತಾರೀಕುಗಳನ್ನು 1970ರಿಂದ ಎಣಿಸಿದ ಸೆಕೆಂಡು ಮಾಡಿ ತುಂಬಿಕೊಳ್ಳುವುದು, ಕೇಳಿದಾಗ ಕೊಡುವುದು ನನ್ನ ಕೆಲಸ. ಮಾಡಿದವರು ಮೂವತ್ತೆರಡು ಬಿಟ್, ಅಂದರೆ ಸೊನ್ನೆ-ಒಂದುಗಳ ಮೂವತ್ತೆರಡೇ ಮನೆಗಳ ಅಳತೆ ಕೊಟ್ಟು "ಇಷ್ಟು ಸಾಕು" ಎಂದರು. ಎಲ್ಲಿಯವರೆಗೆ ಎಂದು ನಾನು ಕೇಳಲಿಲ್ಲ.

ಮೊದಲು ಒಂದು ಕಾಲೇಜಿನಲ್ಲಿದ್ದೆ. ಗೆಳೆಯರ ಹಾಜರಿ ಹಾಕಲು ಹುಡುಗರು ಮಾಡುತ್ತಿದ್ದ ಆಟ ನೋಡಿ ನೋಡಿ ನನಗೆ ಅನುಮಾನದ ಚಟ ಅಂಟಿತು. ಆಮೇಲೆ ಗದಗಿನ ಒಂದು ನೂಲಿನ ಗಿರಣಿಯವರು ನಮ್ಮನ್ನು ಕೊಂಡು ಗೇಟಿನ ಗೋಡೆಗೆ ಮೊಳೆ ಹೊಡೆದು ಕೂರಿಸಿದರು. ಅಲ್ಲಿನ ಟೈಂಕೀಪರ್ ಅಂದಾನಪ್ಪ, ಅಬ್ಬಬ್ಬಾ, ನನ್ನನ್ನೂ ಮೀರಿಸಿದ ಅನುಮಾನದ ಮನುಷ್ಯ!

ಕಾಶವ್ವ ಅಲ್ಲಿ ಒಂಬತ್ತು ವರ್ಷ ದಿನಗೂಲಿಯಾಗಿ ದುಡಿದು ಕಾಯಂ ಆದಳು. ಕಾಯಂ ಆದವರಲ್ಲಿ ಅವಳೇ ಎಲ್ಲರಿಗಿಂತ ಚಿಕ್ಕವಳು. ಅಂದಾನಪ್ಪ ಅವಳ ಸಾಲಿ ಸರ್ಟಿಫಿಕೇಟಿನಲ್ಲಿ ಹುಟ್ಟಿದ ದಿನ ನೋಡಿ, ನಿವೃತ್ತಿ ತಾರೀಕನ್ನು 2039ರ ಮೇ ಎಂದು ಯಂತ್ರಕ್ಕೆ ಹಾಕಿದ. ಮರುದಿನ ಅವಳು ಹೆಬ್ಬೆಟ್ಟು ಒತ್ತಿದರೆ ಕೆಂಪು ದೀಪ. "ನಿವೃತ್ತಿ: 1903."

"ಏನವ್ವಾ, ನಿಮ್ಮಜ್ಜಿ ಹುಟ್ಟೂಕಿಂತ ಮೊದಲ ನೀ ರಿಟೈರ್ ಆಗೀದಿ! ಈ ಸುಳ್ಳ ಸಾಲಿ ಸರ್ಟಿಫಿಕೇಟ್ ಎಲ್ಲಿ ಮಾಡಿಸಿದಿ?" ಎಂದ ಅಂದಾನಪ್ಪ.

"ಯಪ್ಪಾ, ನಾ ಯಾಕ ಸುಳ್ಳ ಹೇಳ್ಲಿರಿ?"

ಮೂರು ದಿನ ಹಾಜರಿ ಬೀಳದಿದ್ದರೆ ಕಾಯಂ ಆದೇಶ ರದ್ದು. ಅದು ಗಿರಣಿಯ ನಿಯಮ. ನೂಲಿಗೆ ಸವೆದ ಆ ಹೆಬ್ಬೆಟ್ಟನ್ನು ನಾನೂ ನಂಬಲಿಲ್ಲ. ಕಳ್ಳಿಯೇ ಇರಬೇಕು ಎಂದುಕೊಂಡೆ.

ಮೂರನೆಯ ಬೆಳಿಗ್ಗೆ ಅಂದಾನಪ್ಪ ತನ್ನ ಹೆಬ್ಬೆಟ್ಟು ಒತ್ತಿ ತೋರಿಸಿದ. ಹಸಿರು ದೀಪ. "ನೋಡು, ಯಂತ್ರ ಬರೋಬ್ಬರಿ ಐತಿ. ತಪ್ಪು ನಿಂದ."

ಕಾಶವ್ವ ಕಣ್ಣೊರೆಸಿಕೊಂಡಳು. "ಹಂಗಾರ ನನ್ನ ತಾರೀಕು ನಿಮ್ಮ ಹೆಸರಿಗೆ ಹಾಕಿ ಒತ್ತರಿ, ನೋಡೂಣು."

ಗೇಟಿನಲ್ಲಿ ಜನ ಸೇರಿದ್ದರು. ಒಲ್ಲೆ ಎನ್ನಲಾಗದೆ ಹಾಕಿದ, ಒತ್ತಿದ. ಕೆಂಪು ದೀಪ. "ಅಂದಾನಪ್ಪ. ನಿವೃತ್ತಿ: 1903."

"ಅಂದಾನಪ್ಪಾರ," ಎಂದಳು ಕಾಶವ್ವ, "ಇನ್ನ ನಿಮ್ಮ ಸರ್ಟಿಫಿಕೇಟ್ ತೊಗೊಂಡ ಬರ್ರಿ."

ಆಗ ನನಗೆ ತಿಳಿಯಿತು. 2038ರ ಜನವರಿಗೇ ನಾನು ತುಂಬಿಹೋಗುತ್ತೇನೆ. ಅವಳ ತಾರೀಕು ನನ್ನೊಳಗೆ ಹಿಡಿಸದೆ ಹಿಂದಕ್ಕೆ ಉರುಳಿ 1903 ಆಗಿತ್ತು. ಅಂದಾನಪ್ಪ ತಲೆತಗ್ಗಿಸಿ ಅವಳ ಮೂರೂ ದಿನದ ಹಾಜರಿಯನ್ನು ಹಳೆಯ ಹಾಜರಿ ಪುಸ್ತಕದಲ್ಲಿ ಕೈಯಿಂದ ಬರೆದುಕೊಟ್ಟ. ನನಗೂ ನಾಚಿಕೆಯಾಯಿತು.

ವಾರದೊಳಗೆ ನನ್ನ ಜಾಗಕ್ಕೆ ಅರವತ್ತನಾಲ್ಕು ಬಿಟ್‌ನವನು ಬಂದ. ಹಳೆಯ ಪ್ರೋಗ್ರಾಂಗಳು ಬಂದರೆ ಇರಲಿ ಎಂದು ನನ್ನನ್ನು ಮೂಲೆಯಲ್ಲಿ ಉಳಿಸಿದ್ದಾರೆ. ಊರವರನ್ನೆಲ್ಲ ಅನುಮಾನಿಸಿದೆ, ನನ್ನ ಅಳತೆಯನ್ನೊಂದು ಬಿಟ್ಟು. ಕಾಶವ್ವನಿಗೆ ಈಗ ದಿನವೂ ಹಸಿರು ದೀಪವೇ. ಆದರೂ ಅವಳು ಆ ಪುಸ್ತಕದಲ್ಲಿ ತನ್ನ ಹೆಸರನ್ನು ತಾನೇ ಬರೆದು, ಅಂದಾನಪ್ಪನ ಸಹಿ ಹಾಕಿಸಿಕೊಂಡೇ ಒಳಗೆ ಹೋಗುತ್ತಾಳೆ.